ಗುಡ್ಡದ ನೆಟ್‌ವರ್ಕಿಗೂ ತೆರೆದುಕೊಳ್ಳುವ ಕನ್ನಡ ಹುಡುಕು ಪುಟ ಕಟ್ಟುವ ಬಗೆ

ಕೊಡಗಿನಲ್ಲಿ ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ತಿಂಗಳು) ಮಳೆ ಹಿಡಿದರೆ ಭಾಗಮಂಡಲ, ನಾಪೋಕ್ಲು ಕಡೆ ಮೊದಲು ಹೋಗುವುದು ಕರೆಂಟು, ಅದರ ಬೆನ್ನಿಗೇ ಟವರ್. ಟವರ್ ಬ್ಯಾಟರಿ ಮೇಲೆ ನಿಂತಿದ್ದರೂ ಫೋನಿನ ಮೂಲೆಯಲ್ಲಿ 4ಜಿ ಹೋಗಿ ‘ಇ’, ಅಂದರೆ ಎಡ್ಜ್ ಎಂಬ ಹಳೆಯ ನಿಧಾನ ಸಂಪರ್ಕ, ಬಂದಿರುತ್ತದೆ. ಕಾಫಿಗೆ ಕೊಳೆರೋಗ ತಗುಲುವುದೂ, ಬೋರ್ಡೋ ದ್ರಾವಣದ ಅಳತೆ ಹುಡುಕಬೇಕಾಗಿ ಬರುವುದೂ ಇದೇ ಹೊತ್ತಿನಲ್ಲಿ. ಆಗ ಎರಡು ಎಂಬಿ ಸ್ಕ್ರಿಪ್ಟು, ಅರ್ಧ ಎಂಬಿ ಫಾಂಟು ಇಳಿಸಿಕೊಂಡ ಮೇಲೆಯೇ ಅಕ್ಷರ ತೋರಿಸುವ ಪುಟದಿಂದ ಯಾರಿಗೂ ಉಪಯೋಗವಿಲ್ಲ.

ಸಹಕಾರ ಸಂಘದ ಸುತ್ತೋಲೆಗಳು, ಗ್ರಂಥಾಲಯದ ಪುಸ್ತಕಪಟ್ಟಿ, ಬೆಳೆ ಟಿಪ್ಪಣಿಗಳು, ಹೀಗೆ ಕೆಲವು ಸಾವಿರ ಕನ್ನಡ ದಾಖಲೆಗಳಿಗೆ ಹುಡುಕು ಪುಟ ಕಟ್ಟುವವರಿಗೆ ಈ ಬರಹ. ಸ್ವಲ್ಪ ಪೈಥಾನ್, ಸ್ವಲ್ಪ ಎಚ್‌ಟಿಎಂಎಲ್ ಗೊತ್ತಿದ್ದರೆ ಸಾಕು. ನಮ್ಮ ಪಟ್ಟು ಒಂದೇ: ಕನ್ನಡದ ಕಷ್ಟವನ್ನೆಲ್ಲ ಸರ್ವರ್ ಹೊರಬೇಕು, ಫೋನಿಗೆ ಹೋಗುವುದು ತಯಾರಾದ ಒಂದೇ ಒಂದು ಪುಟ.

ಬೇಕಾಗುವ ಸಾಮಾನು: ಪೈಥಾನ್ 3, ಅದರ ಜೊತೆಗೇ ಬರುವ ಎಸ್‌ಕ್ಯೂಲೈಟ್ ಡೇಟಾಬೇಸ್ (3.25 ಅಥವಾ ಅದಕ್ಕಿಂತ ಹೊಸದು), ಫ್ಲಾಸ್ಕ್ ಅಥವಾ ಬಾಟಲ್‌ನಂಥ ಪುಟ್ಟ ಚೌಕಟ್ಟು, ಮುಂದೆ ನಿಲ್ಲಲು ಎಂಜಿನ್ಎಕ್ಸ್ ಇಲ್ಲವೇ ಕ್ಯಾಡಿ ಎಂಬ ವೆಬ್ ಸರ್ವರ್. ಒಂದು ಜಿಬಿ ರ‍್ಯಾಮ್ ಇರುವ ಬಾಡಿಗೆ ಸರ್ವರ್ ಧಾರಾಳವಾಯಿತು. ಗ್ರಂಥಾಲಯದ ಒಳಗಷ್ಟೇ ಬಳಸುವುದಾದರೆ ಯುಪಿಎಸ್‌ಗೆ ಸಿಕ್ಕಿಸಿದ ರಾಸ್ಪ್‌ಬೆರಿ ಪೈ ಕೂಡ ಸಾಕು. ಎಲಾಸ್ಟಿಕ್‌ಸರ್ಚ್‌ನಂಥ ದೊಡ್ಡ ಎಂಜಿನ್ ಈ ಗಾತ್ರದ ಕೆಲಸಕ್ಕೆ ಬೇಡ. ಅದು ಕೇಳುವ ರ‍್ಯಾಮಿನ ಬಾಡಿಗೆಯೇ ಪ್ರತಿ ತಿಂಗಳ ತಲೆನೋವಾಗುತ್ತದೆ.

ಪುಟ ಎಷ್ಟು ಭಾರ ಇರಬಹುದು

ಗುರಿ 14 ಕೆಬಿ, ಅದೂ ಸಂಕುಚಿತಗೊಂಡ ಮೇಲೆ. ಈ ಅಂಕಿಗೆ ಕಾರಣವಿದೆ. ಹೊಸ ಸಂಪರ್ಕ ತೆರೆದಾಗ ಸರ್ವರ್ ಮೊದಲ ಕಂತಿನಲ್ಲಿ ಸಾಮಾನ್ಯವಾಗಿ 10 ಪ್ಯಾಕೆಟ್ ಕಳಿಸಿ, ಆ ಕಡೆಯಿಂದ ‘ತಲುಪಿತು’ ಎಂಬ ಉತ್ತರ ಬರುವತನಕ ಕಾಯುತ್ತದೆ. ಒಂದು ಪ್ಯಾಕೆಟ್ಟಿಗೆ ಸುಮಾರು 1460 ಬೈಟ್ ಹಿಡಿದರೆ 14,600 ಬೈಟ್ ಆಯಿತು. ಅಷ್ಟರೊಳಗೆ ಪುಟ ಮುಗಿದರೆ ಒಂದೇ ಸುತ್ತಿನಲ್ಲಿ ಕೆಲಸ ಆಗುತ್ತದೆ. ಮೀರಿದರೆ ಇನ್ನೊಂದು ಸುತ್ತು, ಮತ್ತೊಂದು ಸುತ್ತು. ಎಡ್ಜ್ ಸಂಪರ್ಕದಲ್ಲಿ ಕಾಯಿಸುವುದು ವೇಗಕ್ಕಿಂತ ಹೆಚ್ಚಾಗಿ ಈ ಹೋಗಿಬರುವ ಸುತ್ತುಗಳು.

ಕನ್ನಡದ ಪ್ರತಿ ಕೋಡ್‌ಪಾಯಿಂಟ್ (ಯೂನಿಕೋಡ್ ಒಂದೊಂದು ಅಕ್ಷರಕ್ಕೂ ಗುಣಿತ ಚಿಹ್ನೆಗೂ ಕೊಟ್ಟ ಸಂಖ್ಯೆ) ಯುಟಿಎಫ್-8ರಲ್ಲಿ 3 ಬೈಟ್ ತಿನ್ನುತ್ತದೆ. ಅದಕ್ಕೆ ಹೆದರಬೇಕಿಲ್ಲ. ಮೂರರಲ್ಲಿ ಮೊದಲ ಬೈಟ್ ಯಾವಾಗಲೂ ಒಂದೇ, ಎರಡನೆಯದಕ್ಕೆ ಎರಡೇ ಬೆಲೆಗಳು ಸಾಧ್ಯ. ಹಾಗಾಗಿ ಜಿಜಿಪ್ ಇದನ್ನು ಚೆನ್ನಾಗಿ ಹಿಂಡುತ್ತದೆ. ಹತ್ತು ಫಲಿತಾಂಶ, ಒಂದೊಂದಕ್ಕೂ ಶೀರ್ಷಿಕೆ ಮತ್ತು ಎರಡು ಸಾಲಿನ ಆಯ್ದ ಭಾಗ, ಪುಟದೊಳಗೇ ಬರೆದ ಒಂದೂವರೆ ಕೆಬಿ ಸಿಎಸ್‌ಎಸ್, ಇಷ್ಟೂ ಸೇರಿ ಹಿಂಡುವ ಮೊದಲು ಹತ್ತು-ಹನ್ನೆರಡು ಕೆಬಿ ಆಗಬಹುದು. ಹಿಂಡಿದ ಮೇಲೆ ಗುರಿಗಿಂತ ಎಷ್ಟೋ ಕೆಳಗಿರುತ್ತದೆ.

ಫಾಂಟ್ ಕಳಿಸಲೇಬೇಡಿ. ಒತ್ತಕ್ಷರ, ಗುಣಿತಾಕ್ಷರಗಳ ಆಕಾರಗಳೆಲ್ಲ ಸೇರಿ ಕನ್ನಡ ಫಾಂಟ್ ಫೈಲು ಇಡೀ ಪುಟಕ್ಕಿಂತ ಹಲವು ಪಟ್ಟು ದೊಡ್ಡದಾಗುತ್ತದೆ. ಆಂಡ್ರಾಯ್ಡ್‌ನಲ್ಲಿ ನೋಟೊ ಕನ್ನಡ ಇದೆ, ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾ ಇದೆ. ಫಾಂಟ್ ಕುಟುಂಬದ ಜಾಗದಲ್ಲಿ ಬರೀ ‘ಸ್ಯಾನ್ಸ್-ಸೆರಿಫ್’ ಎಂದು ಬರೆದರೆ ಸಿಸ್ಟಂ ತನ್ನದನ್ನು ತಾನೇ ಹಾಕಿಕೊಳ್ಳುತ್ತದೆ. ಸಾಲಿನ ಎತ್ತರ ಮಾತ್ರ 1.6ಕ್ಕಿಂತ ಕಡಿಮೆ ಬೇಡ. ಇಂಗ್ಲಿಷಿಗೆ ಸಾಕಾಗುವ 1.3 ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಗುಣವನ್ನು ಮುಟ್ಟಬೇಡಿ.

ಪಠ್ಯವನ್ನು ಮೊದಲು ಹಸನು ಮಾಡಬೇಕು

ಹುಡುಕಾಟ ಕೈಕೊಡುವುದು ಹೆಚ್ಚಾಗಿ ಇಲ್ಲಿ. ಪುಟ ಎಷ್ಟೇ ಚೆಂದವಿದ್ದರೂ ಒಳಗಿನ ಪಠ್ಯ ಹಸನಾಗದಿದ್ದರೆ ಕಣ್ಣೆದುರಿಗಿರುವ ದಾಖಲೆಯೇ ಸಿಗುವುದಿಲ್ಲ. ಒಂದು ಶುದ್ಧೀಕರಣ ಫಂಕ್ಷನ್ ಬರೆದು, ದಾಖಲೆ ಸೇರಿಸುವಾಗಲೂ ಬಳಕೆದಾರರ ಪ್ರಶ್ನೆ ಬಂದಾಗಲೂ ಅದನ್ನೇ ಕರೆಯಿರಿ. ಎರಡು ಕಡೆ ಎರಡು ಬಗೆಯ ಕೋಡ್ ಇದ್ದರೆ ಒಂದಲ್ಲ ಒಂದು ದಿನ ಅವು ಬೇರೆಬೇರೆಯಾಗುತ್ತವೆ.

ಹಳೆಯ ನುಡಿ, ಬರಹ ಫೈಲುಗಳಲ್ಲಿ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಬೇಕಾದಷ್ಟಿರುತ್ತದೆ. ಪರದೆಯ ಮೇಲೆ ಕನ್ನಡ, ಒಳಗೆ ರೋಮನ್ ಚಿಹ್ನೆಗಳ ರಾಶಿ. ಅವನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ತಂದುಕೊಳ್ಳಿ. ಅರ್ಕಾವತ್ತು ಮತ್ತು ಎರಡೆರಡು ಒತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ, ಪರಿವರ್ತಕಗಳು ಎಡವುವುದು ಹೆಚ್ಚಾಗಿ ಅಲ್ಲೇ.

ಆಮೇಲೆ ಎನ್‌ಎಫ್‌ಸಿ ರೂಪ. ‘ಕೇ’ಯಲ್ಲಿರುವ ಏತ್ವ ದೀರ್ಘ ಒಂದೇ ಕೋಡ್‌ಪಾಯಿಂಟ್ ಆಗಿಯೂ ಬರಬಹುದು, ಎತ್ವ ಮತ್ತು ದೀರ್ಘಚಿಹ್ನೆ ಎಂದು ಎರಡಾಗಿಯೂ ಬರಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಪದ. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ ನಾರ್ಮಲೈಸ್ ಫಂಕ್ಷನ್‌ಗೆ ಎನ್‌ಎಫ್‌ಸಿ ಎಂದು ಹೇಳಿದರೆ ಎಲ್ಲವೂ ಒಂದೇ ರೂಪಕ್ಕೆ ಬರುತ್ತದೆ.

ಮೂರನೆಯದು ಕಣ್ಣಿಗೆ ಕಾಣದ ಜೋಡಕಗಳು. ‘ಸಾಫ್ಟ್‌ವೇರ್’ ಎಂದು ಬಿಡಿಸಿ ಬರೆಯುವಾಗ ನಡುವೆ ಯು+200ಸಿ ಕೂತಿರುತ್ತದೆ, ‘ರ‍್ಯಾಂಕ್’ ಬರೆಯುವಾಗ ಯು+200ಡಿ. ಕೆಲವರ ಕೀಬೋರ್ಡ್ ಇವನ್ನು ಹಾಕುತ್ತದೆ, ಕೆಲವರದು ಹಾಕುವುದಿಲ್ಲ. ಹುಡುಕುವ ಪ್ರತಿಯಿಂದ ಎರಡನ್ನೂ ತೆಗೆದುಬಿಡಿ. ತೋರಿಸುವ ಪ್ರತಿಯಲ್ಲಿ ಇರಲಿ, ಇಲ್ಲದಿದ್ದರೆ ಓದುವವರಿಗೆ ‘ಸಾಫ್ಟ್ವೇರ್’ ಎಂದು ಒತ್ತಕ್ಷರವಾಗಿ ಕಾಣುತ್ತದೆ. ಹೀಗಾಗಿ ಪ್ರತಿ ದಾಖಲೆಗೂ ಎರಡು ಪ್ರತಿ ಇಟ್ಟುಕೊಳ್ಳುವುದು ಅನಿವಾರ್ಯ.

ಕೊನೆಗೆ ಅಂಕಿಗಳು. ೦ಯಿಂದ ೯ರವರೆಗಿನ ಕನ್ನಡ ಅಂಕಿಗಳನ್ನು 0ಯಿಂದ 9ಕ್ಕೆ ತಂದುಕೊಳ್ಳಿ. ಆದರೆ ಅದಕ್ಕೂ ಮೊದಲು ಒಂದು ಕೆಲಸವಿದೆ: ಟೈಪ್ ಮಾಡುವವರು ಅನುಸ್ವಾರದ ಜಾಗದಲ್ಲಿ ಸೊನ್ನೆ ಒತ್ತಿರುತ್ತಾರೆ. ‘ಸುಂಟಿಕೊಪ್ಪ’ದಲ್ಲಿ ಅನುಸ್ವಾರದ ಬದಲು ಕನ್ನಡ ಸೊನ್ನೆ ಇದ್ದರೆ ಅಂಕಿ ಬದಲಿಸಿದ ಕೂಡಲೇ ಪದದ ನಡುವೆ 0 ಬಂದು ಕೂರುತ್ತದೆ. ಕನ್ನಡ ಅಕ್ಷರದ ಬೆನ್ನಿಗೇ ಬಂದ ಕನ್ನಡ ಸೊನ್ನೆಯನ್ನು ಮೊದಲು ಅನುಸ್ವಾರ ಮಾಡಿ, ಆಮೇಲೆ ಉಳಿದ ಅಂಕಿಗಳಿಗೆ ಕೈ ಹಾಕಿ.

ಸೂಚಿ, ಮತ್ತು ಅದರೊಳಗಿನ ಬಲೆ

ಎಸ್‌ಕ್ಯೂಲೈಟ್‌ನ ಪಠ್ಯ ಹುಡುಕುವ ಭಾಗವಾದ ಎಫ್‌ಟಿಎಸ್5 ಇಲ್ಲಿ ನಮ್ಮ ಎಂಜಿನ್. ಯಾವ ಪದ ಯಾವ ದಾಖಲೆಯಲ್ಲಿದೆ ಎಂಬ ಸೂಚಿಯನ್ನು (ಇಂಡೆಕ್ಸ್) ಕಟ್ಟುವುದು ಅದೇ. ನಿಮ್ಮ ಪೈಥಾನ್ ಜೊತೆಗೆ ಬಂದ ಎಸ್‌ಕ್ಯೂಲೈಟ್‌ನಲ್ಲಿ ಅದು ಸೇರಿದೆಯೇ ಎಂದು ತಿಳಿಯಲು ಪ್ರಾಗ್ಮಾ ಕಂಪೈಲ್ ಆಪ್ಷನ್ಸ್ ಕೊಟ್ಟು ನೋಡಿ.

ಎಫ್‌ಟಿಎಸ್5 ತಾನಾಗಿ ಬಳಸುವ ಟೋಕನೈಸರ್ (ಪಠ್ಯವನ್ನು ಪದಗಳಾಗಿ ಬಿಡಿಸುವ ಭಾಗ) ಯೂನಿಕೋಡ್61. ಪದದ ಭಾಗ ಎಂದು ಅದು ಒಪ್ಪುವುದು ಯೂನಿಕೋಡ್‌ನ ಎಲ್ ವರ್ಗದ ಅಕ್ಷರಗಳು, ಎನ್ ವರ್ಗದ ಅಂಕಿಗಳು ಮತ್ತು ಸಿಒ ವರ್ಗದ ಖಾಸಗಿ ಬಳಕೆಯ ಚಿಹ್ನೆಗಳು ಮಾತ್ರ. ಉಳಿದುದೆಲ್ಲ ಅದರ ಪಾಲಿಗೆ ಪದಗಳ ನಡುವಿನ ಬೇಲಿ. ನಮ್ಮ ಕೊಂಬು, ಗುಡಿಸು, ಏತ್ವ, ಅನುಸ್ವಾರ, ವಿರಾಮಚಿಹ್ನೆ (ಹಲಂತ) ಇವೆಲ್ಲ ಎಂಎನ್ ಅಥವಾ ಎಂಸಿ ವರ್ಗದವು. ಹಾಗಾಗಿ ‘ಮಡಿಕೇರಿ’ ಎಂಬ ಪದ ಸೂಚಿಯೊಳಗೆ ‘ಮಡ’, ‘ಕ’, ‘ರ’ ಎಂದು ಮೂರು ಚೂರಾಗುತ್ತದೆ. ‘ಕರಿ’, ‘ಕರೆ’, ‘ಕರು’ ಮೂರೂ ‘ಕರ’ ಆಗುತ್ತವೆ.

ಇದರ ಅಪಾಯ ಏನೆಂದರೆ, ಇದು ಕೆಲಸ ಮಾಡಿದಂತೆಯೇ ಕಾಣುತ್ತದೆ. ಮಡಿಕೇರಿ ಎಂದು ಹುಡುಕಿದರೆ ಪ್ರಶ್ನೆಯೂ ಹಾಗೇ ಚೂರಾಗಿ, ಚೂರುಗಳು ತಾಳೆಯಾಗಿ, ಮಡಿಕೇರಿಯ ದಾಖಲೆ ಸಿಕ್ಕೇಬಿಡುತ್ತದೆ. ಪರೀಕ್ಷೆ ಮಾಡಿದವರು ಸಮಾಧಾನಪಟ್ಟುಕೊಂಡು ಮುಂದೆ ಹೋಗುತ್ತಾರೆ. ಕರುವಿನ ರೋಗ ಹುಡುಕಿದವರಿಗೆ ಕರಿಮೆಣಸಿನ ಧಾರಣೆಯೂ ದೂರವಾಣಿ ಕರೆಯ ಸೂಚನೆಯೂ ಬಂದಾಗ ಮಾತ್ರ ದೋಷ ಹೊರಗೆ ಬೀಳುತ್ತದೆ.

ಪರಿಹಾರ ಒಂದೇ ಸಾಲಿನದು. ಟೇಬಲ್ ಸೃಷ್ಟಿಸುವಾಗ ಟೋಕನೈಸರ್ ಹೆಸರಿನ ಮುಂದೆ ‘ಕೆಟಗರೀಸ್’ ಆಯ್ಕೆ ಕೊಟ್ಟು, ಎಲ್-ನಕ್ಷತ್ರ (ನಕ್ಷತ್ರ ಎಂದರೆ * ಚಿಹ್ನೆ), ಎನ್-ನಕ್ಷತ್ರ, ಸಿಒ ಜೊತೆಗೆ ಎಂಎನ್ ಮತ್ತು ಎಂಸಿ ಸೇರಿಸಿ. 3.25ನೇ ಆವೃತ್ತಿ ಬೇಕು ಎಂದದ್ದು ಈ ಆಯ್ಕೆಗಾಗಿಯೇ. ಸರಿಯಾಯಿತೇ ಎಂದು ನೋಡಲು ಎಫ್‌ಟಿಎಸ್5ವೋಕ್ಯಾಬ್ ಎಂಬ ಸಹಾಯಕ ಟೇಬಲ್ ಇದೆ. ಅದನ್ನು ‘ರೋ’ ಬಗೆಯಲ್ಲಿ ತೆರೆದರೆ ಸೂಚಿಯೊಳಗಿನ ಪದಗಳೆಲ್ಲ ಪಟ್ಟಿಯಾಗಿ ಕಾಣುತ್ತವೆ. ಅಲ್ಲಿ ಇಡೀ ಇಡೀ ಪದಗಳಿದ್ದರೆ ಸರಿ, ಒಂಟಿ ವ್ಯಂಜನಗಳ ಸಾಲು ಕಂಡರೆ ಆಯ್ಕೆ ಹತ್ತಿಲ್ಲ ಎಂದರ್ಥ.

ಇದೇ ಬಲೆ ಪೈಥಾನ್‌ನಲ್ಲೂ ಇದೆ. ಅಲ್ಲಿನ ರೆಗ್ಯುಲರ್ ಎಕ್ಸ್‌ಪ್ರೆಷನ್‌ನಲ್ಲಿ ‘ಪದದ ಅಕ್ಷರ’ ಎಂಬ ಸಂಕೇತ ಗುಣಿತದ ಚಿಹ್ನೆಗಳನ್ನು ಒಪ್ಪುವುದಿಲ್ಲ. ಪದ ಬಿಡಿಸಲು ಅದನ್ನು ಬಳಸಬೇಡಿ. ಖಾಲಿ ಜಾಗ ಮತ್ತು ಅಲ್ಪವಿರಾಮ, ಪೂರ್ಣವಿರಾಮದಂಥ ಲೇಖನ ಚಿಹ್ನೆಗಳ ಮೇಲೆ ಕತ್ತರಿಸಿ.

ಟೇಬಲ್ಲಿಗೆ ಮೂರು ಕಾಲಂ ಇರಲಿ: ಶೀರ್ಷಿಕೆ, ಪಠ್ಯ, ಮತ್ತು ‘ಸಡಿಲ’ (ಇದೇನೆಂದು ಮುಂದೆ ಬರುತ್ತದೆ). ‘ಕಂಟೆಂಟ್’ ಆಯ್ಕೆಗೆ ಖಾಲಿ ಬೆಲೆ ಕೊಟ್ಟರೆ ಎಫ್‌ಟಿಎಸ್5 ಸೂಚಿಯನ್ನು ಮಾತ್ರ ಇಟ್ಟುಕೊಳ್ಳುತ್ತದೆ, ಮೂಲ ಪಠ್ಯ ನಿಮ್ಮ ಬೇರೆ ಟೇಬಲ್ಲಿನಲ್ಲಿ ಇರುತ್ತದೆ. ಎರಡೂ ಕಡೆ ರೋಐಡಿ (ಸಾಲಿನ ಸಂಖ್ಯೆ) ಒಂದೇ ಇರಬೇಕು. ದಾಖಲೆ ಬದಲಾದಾಗ ಸೂಚಿಯನ್ನು ತಿದ್ದುವ ಗೋಜಿಗೆ ಹೋಗಬೇಡಿ. ಕೆಲವು ಸಾವಿರ ದಾಖಲೆಗಳ ಸೂಚಿಯನ್ನು ಮೊದಲಿಂದ ಕಟ್ಟಿದರೂ ಹೊತ್ತು ಹಿಡಿಯುವುದಿಲ್ಲ. ಬೇರೆ ಹೆಸರಿನ ಫೈಲಿನಲ್ಲಿ ಕಟ್ಟಿ, ಮುಗಿದ ಮೇಲೆ ಒಂದೇ ಏಟಿಗೆ ಹಳೆಯದರ ಹೆಸರಿಗೆ ಬದಲಿಸಿ. ನಡುವೆ ಕರೆಂಟು ಹೋದರೂ ಹಳೆಯ ಸೂಚಿ ಹಾಗೇ ಉಳಿದಿರುತ್ತದೆ. ಈ ಬಗೆಯಲ್ಲಿ ಹೋಗುವುದಾದರೆ ಡಬ್ಲ್ಯುಎಎಲ್ ಮೋಡ್ (ಬದಲಾವಣೆಗಳನ್ನು ಮೊದಲು ಪಕ್ಕದ ಇನ್ನೊಂದು ಫೈಲಿಗೆ ಬರೆಯುವ ಬಗೆ) ಹಾಕಬೇಡಿ, ಹಳೆಯ ಫೈಲಿನ ಬಾಲ ಹೊಸ ಫೈಲಿಗೆ ಅಂಟಿಕೊಳ್ಳುವ ಸಂಭವವಿದೆ. ವೆಬ್ ಕಡೆಯಿಂದ ಫೈಲನ್ನು ಓದಲು ಮಾತ್ರ ಎಂದು ತೆರೆಯಿರಿ, ಪ್ರತಿ ಕೋರಿಕೆಗೂ ಹೊಸದಾಗಿ ತೆರೆಯಿರಿ.

ವಿಭಕ್ತಿಗೆ ಏನು ಮಾಡುವುದು

‘ಮಡಿಕೇರಿ’ ಎಂದು ಹುಡುಕಿದವರಿಗೆ ಮಡಿಕೇರಿಯಲ್ಲಿ, ಮಡಿಕೇರಿಗೆ, ಮಡಿಕೇರಿಯಿಂದ ಎಲ್ಲವೂ ಬೇಕು. ಅದಕ್ಕೆ ಪದದ ಕೊನೆಗೆ ನಕ್ಷತ್ರ ಹಾಕಿದರೆ ಆಯಿತು, ಆ ಅಕ್ಷರಗಳಿಂದ ಶುರುವಾಗುವ ಪದಗಳೆಲ್ಲ ಸಿಗುತ್ತವೆ. ಇಕಾರ, ಎಕಾರ, ಅಕಾರದಲ್ಲಿ ಮುಗಿಯುವ ನಾಮಪದಗಳಿಗೆ ಇಷ್ಟೇ ಸಾಕು: ಏಲಕ್ಕಿ, ಮಳೆ, ತೋಟ.

ಉಕಾರದಲ್ಲಿ ಮುಗಿಯುವವು ಕಾಡುತ್ತವೆ. ಕೊಡಗು ‘ಕೊಡಗಿನ’ ಆಗುತ್ತದೆ, ಮೆಣಸು ‘ಮೆಣಸಿಗೆ’ ಆಗುತ್ತದೆ. ಕೊಂಬು ತೆಗೆದು ‘ಕೊಡಗ’ ನಕ್ಷತ್ರ ಎಂದರೆ ಎಲ್ಲ ರೂಪವೂ ಬಲೆಗೆ ಬೀಳುತ್ತವೆ. ಮೂರು ಅಕ್ಷರ ಅಥವಾ ಹೆಚ್ಚು ಇರುವ ಪದಗಳಿಗೆ ಇದು ಚೆನ್ನ. ಎರಡೇ ಅಕ್ಷರದ ಪದಕ್ಕೆ ಮಾಡಿದರೆ ‘ಕರು’ ಮತ್ತೆ ‘ಕರ’ ಆಗಿ ಹಳೆಯ ಫಜೀತಿಗೇ ಬಂದು ನಿಲ್ಲುತ್ತೇವೆ. ಅಲ್ಲಿ ರೂಪಗಳನ್ನು ನೇರವಾಗಿ ಕಟ್ಟಿ ಕೊಡಿ: ‘ಕಾಡು’ ಬಂದರೆ ಕಾಡು-ನಕ್ಷತ್ರ, ಕಾಡಿನ-ನಕ್ಷತ್ರ, ಕಾಡಿಗೆ, ಕಾಡಿಂದ, ಕಾಡನ್ನು.

ಜನ ಪ್ರಶ್ನೆಯಲ್ಲೇ ವಿಭಕ್ತಿ ಹಚ್ಚಿ ಬರೆಯುವುದೂ ಉಂಟು: ‘ಸೋಮವಾರಪೇಟೆಯಲ್ಲಿ ಕಾಫಿ ಬೆಲೆ’. ಗಳಲ್ಲಿ, ಯಲ್ಲಿ, ದಲ್ಲಿ, ನಲ್ಲಿ, ಗಳು, ಗಳ, ಕ್ಕೆ, ಗೆ, ಯಿಂದ, ದಿಂದ, ವನ್ನು, ಯನ್ನು, ಹೀಗೆ ಹತ್ತು-ಹದಿನೈದು ಪ್ರತ್ಯಯಗಳ ಪಟ್ಟಿ ಇಟ್ಟುಕೊಂಡು, ಉದ್ದದ್ದನ್ನು ಮೊದಲು ಪರೀಕ್ಷಿಸಿ ಕಳಚಿ. ಕಳಚಿದ ರೂಪ ಮೂಲದ ಜಾಗಕ್ಕೆ ಬರಬಾರದು, ಮೂಲದ ಜೊತೆಗೆ ‘ಅಥವಾ’ ಎಂದು ಸೇರಬೇಕು. ‘ಗೆ’ ಕಳಚುವ ನಿಯಮ ‘ಮಲ್ಲಿಗೆ’ಯನ್ನು ‘ಮಲ್ಲಿ’ ಮಾಡುತ್ತದೆ. ಮೂಲ ಪದ ಉಳಿದಿದ್ದರೆ ಅದರಿಂದ ತೊಂದರೆಯಿಲ್ಲ.

ಪ್ರಶ್ನೆ ಕಟ್ಟುವಾಗ ಎಫ್‌ಟಿಎಸ್5ನ ವ್ಯಾಕರಣ ಗಮನಿಸಿ. ಬಳಕೆದಾರರು ಹೈಫನ್, ಕೋಲನ್, ಉದ್ಧರಣ ಚಿಹ್ನೆ ಹಾಕಿದರೆ ಅದು ಆಜ್ಞೆ ಎಂದು ತಿಳಿದು ದೋಷ ಕೊಡುತ್ತದೆ, ಪುಟ 500 ಎಂದು ಬೀಳುತ್ತದೆ. ಪ್ರತಿ ಪದವನ್ನೂ ಜೋಡಿ ಉದ್ಧರಣ ಚಿಹ್ನೆಯೊಳಗಿಡಿ, ಪದದೊಳಗೇ ಆ ಚಿಹ್ನೆ ಇದ್ದರೆ ಎರಡು ಮಾಡಿ, ನಕ್ಷತ್ರ ಚಿಹ್ನೆಯ ಹೊರಗಿರಲಿ. ಒಂದು ಪದದ ರೂಪಗಳನ್ನೆಲ್ಲ ‘ಆರ್’ನಿಂದ ಜೋಡಿಸಿ ಆವರಣದಲ್ಲಿಡಿ, ಆವರಣ-ಆವರಣದ ನಡುವೆ ‘ಆ್ಯಂಡ್’ ಬಿಡಿಸಿ ಬರೆಯಿರಿ. ಬಿಡಿ ಪದಗಳ ನಡುವೆ ಅದು ತಾನಾಗಿ ಸೇರಿಕೊಳ್ಳುತ್ತದೆ, ಆವರಣಗಳ ನಡುವೆ ಸೇರಿಕೊಳ್ಳುವುದಿಲ್ಲ. ಆರ್ ಗುಂಪಿನಲ್ಲಿ ನಕ್ಷತ್ರವಿಲ್ಲದ ಪೂರ್ಣಪದವನ್ನೂ ಒಮ್ಮೆ ಸೇರಿಸಿದರೆ ಸರಿಯಾಗಿ ಅದೇ ಪದವಿರುವ ದಾಖಲೆ ಮೇಲೆ ಬರಲು ನೆರವಾಗುತ್ತದೆ. ಕ್ರಮ ಹಚ್ಚಲು ಬಿಎಂ25 ಫಂಕ್ಷನ್ ಬಳಸಿ, ಶೀರ್ಷಿಕೆಗೆ 5, ಪಠ್ಯಕ್ಕೆ 1 ಎಂದು ತೂಕ ಕೊಡಿ. ಅದು ಕೊಡುವ ಅಂಕ ಋಣ ಸಂಖ್ಯೆ. ಹೆಚ್ಚು ಹೊಂದಿದಷ್ಟೂ ಕೆಳಗೆ ಇಳಿಯುತ್ತದೆ, ಆದ್ದರಿಂದ ಏರಿಕೆಯ ಕ್ರಮದಲ್ಲೇ ಜೋಡಿಸಬೇಕು. ಇಳಿಕೆ ಎಂದು ಬರೆದರೆ ಕೆಲಸಕ್ಕೆ ಬಾರದವೇ ಮೊದಲು ಬರುತ್ತವೆ.

ಊರಿನ ಪದಗಳ ಪಟ್ಟಿ

ಪುತ್ತರಿ, ಹುತ್ತರಿ. ವಿರಾಜಪೇಟೆ, ವೀರಾಜಪೇಟೆ. ಕರಿಮೆಣಸು, ಕಾಳುಮೆಣಸು, ಒಳ್ಳೆಮೆಣಸು. ಕಾಯಿಕೊರಕ, ಬೆರಿ ಬೋರರ್. ಕೊಡಗು, ಕೂರ್ಗ್. ಮಡಿಕೇರಿಗೆ ಹಳೆಯ ಕಾಗದಪತ್ರಗಳಲ್ಲಿ ಮರ್ಕೆರ. ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳ ನಾಲ್ಕೂ ಒಂದೇ ಸಂತೆಯಲ್ಲಿ ಓಡಾಡುವ ಜಿಲ್ಲೆಯಿದು. ಒಂದೇ ವಸ್ತುವನ್ನು ಒಬ್ಬೊಬ್ಬರು ಒಂದೊಂದು ಹೆಸರಿನಲ್ಲಿ ಹುಡುಕುತ್ತಾರೆ. ಈ ಪಟ್ಟಿಯನ್ನು ಯಾವ ತಂತ್ರಾಂಶವೂ ಮಾಡಿಕೊಡುವುದಿಲ್ಲ. ಸಾದಾ ಪಠ್ಯ ಫೈಲಿನಲ್ಲಿ, ಸಾಲಿಗೊಂದು ಗುಂಪು, ಅಲ್ಪವಿರಾಮ ಹಾಕಿ ಬರೆದಿಡಿ. ಪ್ರಶ್ನೆ ಬಂದಾಗ ಗುಂಪಿನ ಉಳಿದ ಪದಗಳೂ ಅದೇ ಆರ್ ಆವರಣಕ್ಕೆ ಸೇರಲಿ. ಗ್ರಂಥಪಾಲಕರೋ ಸಂಘದ ಗುಮಾಸ್ತರೋ ತಾವೇ ತೆರೆದು ತಿದ್ದುವಂತಿರಬೇಕು ಆ ಫೈಲು.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಹುಡುಕುವವರಿಗಾಗಿ ಶೀರ್ಷಿಕೆಗಳ ರೋಮನ್ ರೂಪವನ್ನೂ ಸಡಿಲ ಕಾಲಂಗೆ ಸೇರಿಸಬಹುದು. ದೀರ್ಘ ಸ್ವರ, ಮಹಾಪ್ರಾಣದ ಭೇದ ಅಳಿಸಿ ಎರಡೂ ಕಡೆ ಒಂದೇ ರೂಪಕ್ಕೆ ತನ್ನಿ. ಊರ ಹೆಸರುಗಳನ್ನು ಮಾತ್ರ ಸಮಾನಪದ ಪಟ್ಟಿಗೇ ಹಾಕಿ, ವಿರಾಜಪೇಟೆಯ ಇಂಗ್ಲಿಷ್ ಕಾಗುಣಿತ ‘ವಿರಾಜ್‌ಪೆಟ್’ ಎಂದು ನಡುವಿನ ಸ್ವರವನ್ನೂ ಕೊನೆಯ ಸ್ವರವನ್ನೂ ನುಂಗಿಬಿಡುತ್ತದೆ.

ಸಡಿಲ ಕಾಲಂ ಮುಖ್ಯವಾಗಿ ಕಾಗುಣಿತದ ತಪ್ಪಿಗೆ. ಸಿದ್ದಾಪುರವನ್ನು ಸಿದ್ಧಾಪುರ ಎಂದು ಬರೆಯುವುದು, ಶ-ಷ-ಸ, ನ-ಣ, ಲ-ಳ ಅದಲುಬದಲು, ದೀರ್ಘ ಬಿಡುವುದು ಎಲ್ಲ ಕಡೆ ಇದ್ದದ್ದೇ. ಮಹಾಪ್ರಾಣವನ್ನು ಅಲ್ಪಪ್ರಾಣ ಮಾಡಿ, ದೀರ್ಘವನ್ನು ಹ್ರಸ್ವ ಮಾಡಿ, ಈ ಅಕ್ಷರ ಗುಂಪುಗಳನ್ನು ಒಂದೊಂದಕ್ಕೆ ಇಳಿಸಿದ ಪಠ್ಯವನ್ನು ಆ ಕಾಲಂನಲ್ಲಿಡಿ. ಮೊದಲ ಸುತ್ತಿನ ಹುಡುಕಾಟವನ್ನು ಶೀರ್ಷಿಕೆ, ಪಠ್ಯ ಎರಡಕ್ಕೇ ಮಿತಿಗೊಳಿಸಿ. ಮೂರಕ್ಕಿಂತ ಕಡಿಮೆ ಫಲಿತಾಂಶ ಬಂದಾಗ ಮಾತ್ರ ಸಡಿಲ ಕಾಲಂಗೆ ಹೋಗಿ. ಮೊದಲ ಸುತ್ತಿಗೇ ಬಳಸಿದರೆ ಹಳ್ಳಿಯನ್ನು ಹುಡುಕಿದವರಿಗೆ ಹಲ್ಲಿ ಸಿಗುತ್ತದೆ.

ಹುಡುಕು ಪೆಟ್ಟಿಗೆ

ಇದು ಹತ್ತು ಸಾಲಿನ ಕೆಲಸ, ಆದರೆ ಪ್ರತಿ ಸಾಲಿಗೂ ಕಾರಣವಿದೆ. ಪುಟದ ಮೊದಲ 1024 ಬೈಟಿನೊಳಗೆ ಕ್ಯಾರೆಕ್ಟರ್ ಸೆಟ್ ಯುಟಿಎಫ್-8 ಎಂದು ಬರೆಯಿರಿ, ಎಚ್‌ಟಿಎಂಎಲ್ ಟ್ಯಾಗಿಗೆ ಭಾಷೆ ‘ಕೆಎನ್’ ಕೊಡಿ. ಭಾಷೆ ಹೇಳದಿದ್ದರೆ ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಕನ್ನಡ ದನಿಯನ್ನು ಆರಿಸಿಕೊಳ್ಳದೆ ಹೋಗಬಹುದು.

ಫಾರ್ಮಿನ ವಿಧಾನ ಗೆಟ್ ಇರಲಿ, ಪೋಸ್ಟ್ ಬೇಡ. ಗೆಟ್ ಆದರೆ ಪ್ರಶ್ನೆ ವಿಳಾಸದಲ್ಲೇ ಉಳಿಯುತ್ತದೆ. ಹಿಂದೆ ಹೋಗಿ ಬಂದರೂ ಫಲಿತಾಂಶ ಇರುತ್ತದೆ, ವಾಟ್ಸ್ಯಾಪ್‌ನಲ್ಲಿ ಕೊಂಡಿ ಕಳಿಸಬಹುದು, ಕ್ಯಾಶ್ ಆಗುತ್ತದೆ. ಪ್ಯಾರಾಮೀಟರ್ ಹೆಸರು ಒಂದಕ್ಷರ, ‘ಕ್ಯೂ’ ಸಾಕು. ಕನ್ನಡದ ಒಂದೊಂದು ಕೋಡ್‌ಪಾಯಿಂಟ್ ವಿಳಾಸದಲ್ಲಿ ಶೇಕಡಾ ಚಿಹ್ನೆಗಳ ಸಮೇತ 9 ಅಕ್ಷರವಾಗುತ್ತದೆ. ಮಡಿಕೇರಿ ಎಂಬ 7 ಕೋಡ್‌ಪಾಯಿಂಟಿನ ಪದ 63 ಅಕ್ಷರಕ್ಕೆ ಹಿಗ್ಗುತ್ತದೆ. ಇದೇ ಕಾರಣಕ್ಕೆ ಪ್ರಶ್ನೆಯ ಉದ್ದಕ್ಕೆ 100ರ ಮಿತಿ ಹಾಕಿ, ಸರ್ವರ್ ಕಡೆಯೂ ಅದನ್ನು ಪರೀಕ್ಷಿಸಿ. ಫಲಿತಾಂಶದ ಕೊಂಡಿಗಳಲ್ಲಿ ಕನ್ನಡ ಶೀರ್ಷಿಕೆ ತುರುಕಬೇಡಿ, ದಾಖಲೆ ಸಂಖ್ಯೆ ಬಳಸಿ.

ಪೆಟ್ಟಿಗೆಯ ಬಗೆ ‘ಸರ್ಚ್’. ‘ಎಂಟರ್‌ಕೀಹಿಂಟ್’ಗೂ ಸರ್ಚ್ ಕೊಟ್ಟರೆ ಫೋನಿನ ಕೀಬೋರ್ಡಿನಲ್ಲಿ ಭೂತಗನ್ನಡಿ ಬರುತ್ತದೆ. ಅಕ್ಷರ ಗಾತ್ರ 16 ಪಿಕ್ಸೆಲ್‌ಗಿಂತ ಕಡಿಮೆಯಾದರೆ ಐಫೋನ್ ಪೆಟ್ಟಿಗೆ ಮುಟ್ಟಿದ ಕೂಡಲೇ ಪುಟವನ್ನು ಹಿಗ್ಗಿಸುತ್ತದೆ. ‘ಹುಡುಕು’ ಎಂದು ಬರೆದ ಗುಂಡಿ ಇರಲೇಬೇಕು, ಬರೀ ಚಿತ್ರ ಬೇಡ. ಗುಂಡಿಯ ಎತ್ತರ 48 ಪಿಕ್ಸೆಲ್ ಇದ್ದರೆ ತೋಟದಲ್ಲಿ ಒದ್ದೆ ಬೆರಳಿಗೂ ಸಿಗುತ್ತದೆ. ತಾನಾಗಿ ಪೆಟ್ಟಿಗೆಯೊಳಗೆ ಕರ್ಸರ್ ಹೋಗುವಂತೆ ಮಾಡಬೇಡಿ, ಫಲಿತಾಂಶ ಪುಟದಲ್ಲಂತೂ ಕೀಬೋರ್ಡ್ ಎದ್ದು ಬಂದು ಅರ್ಧ ಪರದೆ ಮುಚ್ಚುತ್ತದೆ.

ಫಲಿತಾಂಶ ಪುಟ

ಮೇಲೆ ಅದೇ ಪೆಟ್ಟಿಗೆ, ಒಳಗೆ ಬಳಕೆದಾರರು ಬರೆದ ಪ್ರಶ್ನೆ ಹಾಗೇ ಇರಲಿ. ಅದನ್ನು ಪುಟಕ್ಕೆ ಹಿಂದಿರುಗಿಸುವ ಮುನ್ನ ಎಚ್‌ಟಿಎಂಎಲ್ ಎಸ್ಕೇಪ್ ಮಾಡಲೇಬೇಕು. ಮಾಡದಿದ್ದರೆ ಬೇರೆ ಯಾರೋ ಕೊಂಡಿಯೊಳಗೆ ಸ್ಕ್ರಿಪ್ಟ್ ಸೇರಿಸಿ ನಿಮ್ಮ ಪುಟದ ಹೆಸರಿನಲ್ಲಿ ಓಡಿಸಬಹುದು. ಹುಡುಕು ಪುಟಗಳಲ್ಲಿ ತೀರಾ ಸಾಮಾನ್ಯವಾದ ಭದ್ರತಾ ದೋಷ ಇದು.

ಆಯ್ದ ಭಾಗವನ್ನು ನೀವೇ ಕತ್ತರಿಸಬೇಕು. ಎಫ್‌ಟಿಎಸ್5ನಲ್ಲಿ ಸ್ನಿಪೆಟ್ ಫಂಕ್ಷನ್ ಇದೆ, ಆದರೆ ನಮ್ಮ ಸೂಚಿಯಲ್ಲಿ ಮೂಲ ಪಠ್ಯವಿಲ್ಲ. ತೋರಿಸುವ ಪ್ರತಿಯನ್ನು ತೆಗೆದುಕೊಂಡು, ಹುಡುಕಿದ ಪದದ ಪ್ರತಿ ಅಕ್ಷರದ ನಡುವೆ ‘ಜೋಡಕ ಇದ್ದರೂ ಸರಿ, ಇಲ್ಲದಿದ್ದರೂ ಸರಿ’ ಎಂಬ ರೆಗ್ಯುಲರ್ ಎಕ್ಸ್‌ಪ್ರೆಷನ್ ಕಟ್ಟಿ ಹುಡುಕಿ. ಸಿಕ್ಕ ಜಾಗದ ಹಿಂದೆ ಮುಂದೆ ಸೇರಿ 160 ಕೋಡ್‌ಪಾಯಿಂಟ್ ತೆಗೆದು, ಎರಡು ತುದಿಯನ್ನೂ ಹತ್ತಿರದ ಖಾಲಿ ಜಾಗದ ತನಕ ಸರಿಸಿ. ಲೆಕ್ಕ ಹಾಕಿ ನಡುವೆ ಕತ್ತರಿಸಿದರೆ ಒತ್ತಕ್ಷರ ಮುರಿದು, ಸಾಲಿನ ಆರಂಭದಲ್ಲಿ ಚುಕ್ಕಿ ವೃತ್ತದ ಮೇಲೆ ಗುಣಿತ ಚಿಹ್ನೆ ತೂಗಾಡುತ್ತದೆ.

ಅದೇ ಚುಕ್ಕಿ ವೃತ್ತ ಹುಡುಕಿದ ಪದಕ್ಕೆ ಬಣ್ಣ ಹಚ್ಚುವಾಗಲೂ ಬರುತ್ತದೆ. ‘ಕೊಡಗ’ ತನಕ ಮಾರ್ಕ್ ಟ್ಯಾಗ್ ಹಾಕಿ ‘ಿನ’ ಹೊರಗೆ ಬಿಟ್ಟರೆ ಗಕಾರ ಒಂದು ಕಡೆ, ಗುಡಿಸು ಇನ್ನೊಂದು ಕಡೆ ಆಗುತ್ತದೆ. ಪದದ ಆರಂಭದಿಂದ ಮುಂದಿನ ಖಾಲಿ ಜಾಗದವರೆಗೆ ‘ಕೊಡಗಿನ’ ಇಡಿಯಾಗಿ ಬಣ್ಣದೊಳಗೆ ಬರಲಿ. ಮೊದಲು ಪಠ್ಯವನ್ನು ಎಸ್ಕೇಪ್ ಮಾಡಿ ಆಮೇಲೆ ಟ್ಯಾಗ್ ಸೇರಿಸುವ ಕ್ರಮ ಎಂದೂ ತಪ್ಪಬಾರದು.

ಪುಟಕ್ಕೆ 10 ಫಲಿತಾಂಶ. ಡೇಟಾಬೇಸ್‌ನಿಂದ 11 ಕೇಳಿ. ಹನ್ನೊಂದನೆಯದು ಬಂದರೆ ‘ಮುಂದಿನ ಪುಟ’ ಕೊಂಡಿ ಹಾಕಿ, ಅದನ್ನು ತೋರಿಸಬೇಡಿ. ಒಟ್ಟು ಎಷ್ಟು ಎಂದು ಎಣಿಸುವ ಕೆಲಸ ಇದರಿಂದ ಉಳಿಯಿತು. ಕೆಳಗೆ ಇಳಿದಂತೆ ತಾನಾಗಿ ತುಂಬಿಕೊಳ್ಳುವ ಪುಟ ಮಾಡಬೇಡಿ, ನೆಟ್‌ವರ್ಕ್ ಕಡಿದಾಗ ಓದುತ್ತಿದ್ದ ಜಾಗ ಕಳೆದುಹೋಗುತ್ತದೆ.

ಏನೂ ಸಿಗದಿದ್ದಾಗ ‘ಫಲಿತಾಂಶವಿಲ್ಲ’ ಎಂದಷ್ಟೇ ಹೇಳಿ ಕೈ ತೊಳೆದುಕೊಳ್ಳಬೇಡಿ. ಯಾವ ಪದ ಎಲ್ಲೂ ಇಲ್ಲ ಎಂಬುದನ್ನು ಹೇಳಿ, ಆ ಪದ ಬಿಟ್ಟು ಹುಡುಕುವ ಕೊಂಡಿ ಕೊಡಿ. ಇಂಥ ಪ್ರಶ್ನೆಗಳನ್ನು ದಿನಾಂಕದ ಜೊತೆ ಒಂದು ಫೈಲಿಗೆ ಬರೆದಿಡಿ, ಕೇಳಿದವರ ಐಪಿ ವಿಳಾಸ ಬೇಡ. ವಾರಕ್ಕೊಮ್ಮೆ ಆ ಫೈಲು ಓದಿದರೆ ಸಮಾನಪದ ಪಟ್ಟಿಗೆ ಏನು ಸೇರಬೇಕೆಂದು ಅದೇ ತಿಳಿಸುತ್ತದೆ.

ಸ್ಕ್ರಿಪ್ಟ್ ಬೇಕೇ ಬೇಕೆಂದರೆ

ಬರೆಯುತ್ತಿದ್ದಂತೆ ಸಲಹೆ ತೋರಿಸುವ ಸೌಲಭ್ಯಕ್ಕೆ ಮಾತ್ರ ಒಂದೆರಡು ಕೆಬಿ ಜಾವಾಸ್ಕ್ರಿಪ್ಟ್ ಒಪ್ಪಬಹುದು. ಅದು ಇಳಿಯದಿದ್ದರೂ ಫಾರ್ಮ್ ಎಂದಿನಂತೆ ಕೆಲಸ ಮಾಡಬೇಕು. ಬೆರಳು ನಿಂತ 300 ಮಿಲಿಸೆಕೆಂಡ್ ಆದ ಮೇಲೆಯೇ ಕೋರಿಕೆ ಹೋಗಲಿ, ಹೊಸದು ಹೊರಟಾಗ ಹಳೆಯದನ್ನು ಅಬಾರ್ಟ್‌ಕಂಟ್ರೋಲರ್‌ನಿಂದ ರದ್ದು ಮಾಡಿ. ಇಲ್ಲದಿದ್ದರೆ ತಡವಾಗಿ ಬಂದ ಹಳೆಯ ಉತ್ತರ ಹೊಸದರ ಮೇಲೆ ಕೂರುತ್ತದೆ. ಕಂಪ್ಯೂಟರಿನಲ್ಲಿ ಲಿಪ್ಯಂತರ ಕೀಬೋರ್ಡ್ ಬಳಸುವವರ ಪದ ಪೂರ್ತಿಯಾಗುವ ತನಕ ಬ್ರೌಸರ್ ‘ಕಾಂಪೋಸಿಷನ್’ ಸ್ಥಿತಿಯಲ್ಲಿರುತ್ತದೆ, ಆಗ ಕೋರಿಕೆ ಕಳಿಸಬಾರದು ಎಂಬುದು ಸಾಮಾನ್ಯ ಸಲಹೆ. ಆದರೆ ಆಂಡ್ರಾಯ್ಡ್‌ನ ಜಿಬೋರ್ಡ್ ಪ್ರತಿ ಪದವನ್ನೂ ಅದೇ ಸ್ಥಿತಿಯಲ್ಲಿ ಬರೆಯುವುದರಿಂದ ಆ ಸಲಹೆ ಅಕ್ಷರಶಃ ಪಾಲಿಸಿದರೆ ಫೋನಿನಲ್ಲಿ ಸಲಹೆಗಳೇ ಬರುವುದಿಲ್ಲ. ಫೋನಿಗೆ ಸಮಯದ ತಡೆಯೊಂದೇ ಸಾಕು.

ಇಡೀ ಸೂಚಿಯನ್ನೇ ಬ್ರೌಸರಿಗೆ ಇಳಿಸಿ ಅಲ್ಲಿಯೇ ಹುಡುಕಿಸುವ ಲೈಬ್ರರಿಗಳಿವೆ. ಐವತ್ತು-ನೂರು ಪುಟಗಳ ತಾಣಕ್ಕೆ ಸರಿ. ಸಾವಿರ ದಾಖಲೆ ದಾಟಿದರೆ ಮೊದಲ ಹುಡುಕಾಟಕ್ಕೇ ಎಂಬಿಗಟ್ಟಲೆ ಇಳಿಸಬೇಕಾಗುತ್ತದೆ.

ಸರ್ವರ್ ಕಡೆ

ಜಿಜಿಪ್ ಅಥವಾ ಬ್ರಾಟ್ಲಿ ಚಾಲೂ ಇದೆಯೇ ನೋಡಿ. ಎಂಜಿನ್ಎಕ್ಸ್‌ನಲ್ಲಿ ಜಿಜಿಪ್ ತಾನಾಗಿ ಚಾಲೂ ಇರುವುದಿಲ್ಲ. ಸಂಪರ್ಕವನ್ನು ಭದ್ರಗೊಳಿಸುವ ಟಿಎಲ್‌ಎಸ್‌ನ 1.3ನೇ ಆವೃತ್ತಿ ಇರಲಿ, 1.2ಕ್ಕಿಂತ ಒಂದು ಸುತ್ತು ಕಡಿಮೆ. ಫಲಿತಾಂಶ ಪುಟಕ್ಕೆ ಕ್ಯಾಶ್ ಅವಧಿ 300 ಸೆಕೆಂಡ್ ಕೊಟ್ಟರೆ ದಾಖಲೆ ನೋಡಿ ಹಿಂದಿರುಗಿದವರಿಗೆ ಮತ್ತೆ ನೆಟ್‌ವರ್ಕ್ ಬೇಡ. ಕುಕಿ ಇಡಬೇಡಿ, ಹೊರಗಿನ ಯಾವ ತಾಣದಿಂದಲೂ ಏನನ್ನೂ ತರಿಸಬೇಡಿ, ಒಂದೊಂದು ಹೊಸ ತಾಣಕ್ಕೂ ಡಿಎನ್‌ಎಸ್‌ನಿಂದ ಹಿಡಿದು ಎಲ್ಲ ಸುತ್ತು ಮತ್ತೆ ಶುರುವಾಗುತ್ತವೆ. ಫಲಿತಾಂಶ ಪುಟಗಳ ವಿಳಾಸವನ್ನು ರೋಬಾಟ್ಸ್.ಟಿಎಕ್ಸ್‌ಟಿ ಫೈಲಿನಲ್ಲಿ ‘ಡಿಸ್‌ಅಲೋ’ ಮಾಡಿ. ಪ್ರಶ್ನೆಗಳಿಗೆ ಕೊನೆಯಿಲ್ಲ, ಬಾಟ್‌ಗಳು ಸುತ್ತುತ್ತಲೇ ಇದ್ದರೆ ಸಣ್ಣ ಸರ್ವರ್ ಸುಸ್ತಾಗುತ್ತದೆ.

ಪರೀಕ್ಷೆ

ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ನಿಧಾನಗೊಳಿಸಿ, ಕ್ಯಾಶ್ ಆಫ್ ಮಾಡಿ, ಜಾವಾಸ್ಕ್ರಿಪ್ಟ್ ಆಫ್ ಮಾಡಿ ಒಮ್ಮೆ ಪೂರ್ತಿ ಬಳಸಿ ನೋಡಿ. ನೆಟ್‌ವರ್ಕ್ ಪಟ್ಟಿಯಲ್ಲಿ ಒಂದೇ ಸಾಲು ಇರಬೇಕು (ಫ್ಯಾವಿಕಾನ್ ಎರಡನೆಯದಾದರೆ ಕ್ಷಮಿಸಬಹುದು). ಆಮೇಲೆ ಹಳೆಯ, ಕಡಿಮೆ ರ‍್ಯಾಮಿನ ಆಂಡ್ರಾಯ್ಡ್ ಫೋನ್ ತೆಗೆದುಕೊಂಡು ಈ ಪ್ರಶ್ನೆಗಳನ್ನು ಕೊಡಿ: ‘ಕರು’ ಎಂದಾಗ ಕರಿಮೆಣಸು ಬರಬಾರದು. ‘ಕೊಡಗು’ ಎಂದಾಗ ‘ಕೊಡಗಿನ’ ಬರಬೇಕು. ‘ಹುತ್ತರಿ’ಗೆ ಪುತ್ತರಿಯ ದಾಖಲೆ ಬರಬೇಕು. ‘ಸಿದ್ಧಾಪುರ’ ಎಂದು ತಪ್ಪಾಗಿ ಬರೆದರೂ ಸಿದ್ದಾಪುರ ಸಿಗಬೇಕು. ‘೨೦೧೮ ಭೂಕುಸಿತ’, ‘2018 ಭೂಕುಸಿತ’ ಎರಡಕ್ಕೂ ಒಂದೇ ಪಟ್ಟಿ ಬರಬೇಕು. ಬರೀ ಒಂದು ಉದ್ಧರಣ ಚಿಹ್ನೆ, ಬರೀ ಹೈಫನ್, ಬರೀ ಖಾಲಿ ಜಾಗ ಕೊಟ್ಟರೂ ಪುಟ ಬೀಳಬಾರದು. ಈ ಪ್ರಶ್ನೆಗಳನ್ನು ನಿರೀಕ್ಷಿತ ಉತ್ತರದ ಸಮೇತ ಪರೀಕ್ಷಾ ಫೈಲಿನಲ್ಲಿ ಬರೆದಿಟ್ಟು, ಸೂಚಿಯನ್ನು ಹೊಸದಾಗಿ ಕಟ್ಟಿದಾಗಲೆಲ್ಲ ಓಡಿಸಿ. ಒಂದು ತಪ್ಪಿದರೂ ಹಳೆಯ ಸೂಚಿಯ ಜಾಗಕ್ಕೆ ಹೊಸದನ್ನು ತರಬೇಡಿ.